ಮಾಳಿಗೆಯ ಕೆಳಗಿನ ಹಲ್ಲುಚಕ್ರ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದೆ. ಮಹಾರಾಷ್ಟ್ರದ ಗಡಿಯೊಳಗಿನ ಉಮರ್ಗಾದ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಡತ್ ಅಂಗಡಿ, ದಲಾಲಿಯ ವ್ಯಾಪಾರ. ಮುಂಜಾನೆ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತರೆ ಸಂಜೆಯವರೆಗೆ ಅಲುಗಾಡದಿರುವುದೇ ನಮ್ಮ ಮನೆತನದ ದೊಡ್ಡಸ್ತಿಕೆ. ಅಪ್ಪ ಹಾಗೆ ಕೂತ, ಅಣ್ಣನೂ ಕೂತ. ನನ್ನನ್ನು ಕೂರಿಸಿದಾಗ ಮಾತ್ರ ಗಿರಾಕಿಗಿಂತ ಮೊದಲು ನಾನೇ ಎದ್ದು ಹೋಗಿರುತ್ತಿದ್ದೆ. ಕಡೆಗೆ ಸೋಲಾಪುರಕ್ಕೆ ಓಡಿಹೋಗಿ, ಎರಕದ ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಮಾಡುವ ಕೆಲಸ ಕಲಿತು ಬಂದೆ.

ಪ್ಯಾಟರ್ನ್ ಅಂದರೇನು ಎಂದು ಕೇಳದ ನೆಂಟರಿಲ್ಲ. ಹೇಳಿ ಹೇಳಿ ಬಾಯಿ ಬೇಸತ್ತಿದೆ, ಆದರೂ ಹೇಳುತ್ತೇನೆ. ಕಬ್ಬಿಣದ ಗೇರ್ ಬೇಕೆಂದರೆ ಮೊದಲು ಅದನ್ನು ಕಟ್ಟಿಗೆಯಲ್ಲಿ ಮಾಡಬೇಕು. ಸಾಗವಾನಿಯ ಆ ಗಾಲಿಯ ಸುತ್ತ ಮರಳು ತುಂಬಿ, ಬಡಿದು ಗಟ್ಟಿ ಮಾಡಿ, ಮೆಲ್ಲಗೆ ಗಾಲಿಯನ್ನು ಮೇಲೆತ್ತಿದರೆ ಅದರ ಪಡಿಯಚ್ಚು ಮರಳಲ್ಲಿ ಉಳಿಯುತ್ತದೆ. ಅದರೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಹಾಗಾಗಿ ಕಟ್ಟಿಗೆಯ ಗಾಲಿ ತುಸು ದೊಡ್ಡದಿರಬೇಕು. ಅದಕ್ಕೆಂದೇ ನಮ್ಮ ಕೆಲಸದ ಇಂಚುಪಟ್ಟಿಯಲ್ಲಿ ಒಂದಿಂಚು ಅಂದರೆ ಒಂದಿಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಣ್ಣ ಆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥದ್ದನ್ನು ಅಂಗಡಿಯಲ್ಲಿಟ್ಟರೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ ಎಂದು ನಕ್ಕಿದ್ದ.

ಗೇರಿನ ಹಲ್ಲುಗಳನ್ನು ಒಂದೊಂದಾಗಿ ಕೆತ್ತಿ, ಬಿಸಿ ಸರೇಸಿನಿಂದ ಗಾಲಿಯ ಅಂಚಿಗೆ ಅಂಟಿಸಬೇಕು. ಸರೇಸು ಅಂದರೆ ದನದ ತೊಗಲು, ಎಲುಬು ಕುದಿಸಿ ಮಾಡಿದ ಅಂಟು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅದನ್ನು ಕುದಿಸುತ್ತೀಯಾ ಎಂದು ಅವ್ವ ಬದುಕಿರುವ ತನಕ ಅಡುಗೆಮನೆಯ ಹೊಸ್ತಿಲು ತುಳಿಯಗೊಡಲಿಲ್ಲ. ಬಿಳಿ ಅಂಟು ಆಗಲೇ ಬಂದಿತ್ತು. ಆದರೆ ಸರೇಸು ಆರುತ್ತಾ ಹಲ್ಲನ್ನು ತಾನೇ ಒಳಕ್ಕೆ ಎಳೆದುಕೊಳ್ಳುವ ಪರಿ ಅದಕ್ಕಿರಲಿಲ್ಲ. ಒಂದೇ ಕಷ್ಟ ಅಂದರೆ, ಅದು ಹಿಡಿಯುವ ತನಕ ಹಲ್ಲನ್ನು ಗೆರೆಯ ಮೇಲೆ ಅದುಮಿ ಹಿಡಿದೇ ಇರಬೇಕು. ಅಷ್ಟರಲ್ಲಿ ಕೈ ಬಿಟ್ಟರೆ ಹಲ್ಲು ಜಾರುತ್ತದೆ. ನಿಂತಲ್ಲಿ ನಿಲ್ಲದವನಿಗೆ ಈ ಕೆಲಸವೇ ಏಕೆ ಒಗ್ಗಿತೋ ನನಗಂತೂ ತಿಳಿಯದು. ಕೈಗೆ ಕೆಲಸವಿದ್ದರೆ ಕಾಲು ತೆಪ್ಪಗಿರುತ್ತಿತ್ತು, ಅಷ್ಟೇ.

ಆಮೇಲೆ ಭೂಕಂಪವಾಯಿತು. ನನ್ನ ಹೆಂಡತಿ ಗಣಪತಿ ಹಬ್ಬಕ್ಕೆಂದು ಕಿಲ್ಲಾರಿಯ ಕಡೆಗಿದ್ದ ತವರಿಗೆ ಹೋಗಿದ್ದಳು. ಅಲ್ಲಿ ಮನೆ ಕುಸಿದು ಅವಳ ತಾಯಿ ಹೋದಳು, ಇವಳು ಬದುಕಿ ಬಂದಳು. ಹೇಗೆ ಬದುಕಿದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಉಮರ್ಗಾದ ನಮ್ಮ ಹಳೆಯ ಮನೆ ಬೀಳಲಿಲ್ಲ. ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮೊಳದುದ್ದ ಮಣ್ಣು ಹೇರಿದಂಥ ಮಾಳಿಗೆ. ಬಾಗಿಲ ಮೇಲಿಂದ ಮೂಲೆಯವರೆಗೆ ಒಂದು ಬಿರುಕು ಬಿಟ್ಟಿತ್ತು. ಎಲ್ಲರಂತೆ ನಾವೂ ಅಂಗಳದಲ್ಲಿ ತಗಡಿನ ಶೆಡ್ ಹಾಕಿಕೊಂಡು ಅದರಲ್ಲೇ ಉಳಿದೆವು. ಅಡುಗೆ ಅಲ್ಲೇ, ಮಲಗುವುದು ಅಲ್ಲೇ, ನನ್ನ ಉಳಿ ಬಾಚಿಗಳೂ ಅಲ್ಲೇ. ನೆಲ ನಡುಗುವುದು ನಿಂತರೂ ನಮ್ಮ ಎದೆ ನಡುಗುವುದು ನಿಲ್ಲಲಿಲ್ಲ. ಪಾತ್ರೆ ಸದ್ದಾದರೆ ಓಣಿಗೆ ಓಣಿಯೇ ಹೊರಗೆ ಬಂದು ನಿಲ್ಲುತ್ತಿತ್ತು.

ಮರುವರ್ಷ ಉದಗೀರದ ಎರಕದ ಕಾರ್ಖಾನೆಯ ಮಾಲಕರು ಕರೆಸಿದರು. ಅಲ್ಲಿಯ ಬೇಳೆ ಮಿಲ್ಲೊಂದರ ದೊಡ್ಡ ಗೇರ್ ಮುರಿದಿತ್ತು. ತೊಗರಿ ಬರುವುದರೊಳಗೆ ಹೊಸದು ಬೇಕಿತ್ತು. ನಾನು ಹುಮ್ಮಸ್ಸಿನಿಂದ ಶೆಡ್ಡಿನಲ್ಲಿ ಕೂತು ಪ್ಯಾಟರ್ನ್ ಮಾಡಿದೆ. ಬಸ್ಸಿನ ಮೇಲೆ ಹೇರಿ, ಕಾಸಾರಶಿರಸಿ ದಾಟಿ, ನಿಲಂಗಾದಲ್ಲಿ ಬಸ್ಸು ಬದಲಿಸಿ ಒಯ್ದು ಕೊಟ್ಟೆ. ಎರಕವೂ ಆಯಿತು. ಆದರೆ ಮಿಲ್ಲಿಗೆ ಕೂರಿಸಿದಾಗ ಗೇರ್ ಒಂದು ಮಗ್ಗುಲಲ್ಲಿ ಬಿಗಿ, ಇನ್ನೊಂದು ಮಗ್ಗುಲಲ್ಲಿ ಸಡಿಲ. ತಿರುಗಿದಂತೆಲ್ಲ ಕಟಕಟ ಕಡಿದು ಒಂದು ಹಲ್ಲು ಹಾರಿಹೋಯಿತು. ಗಾಲಿ ದುಂಡಗಿರಲೇ ಇಲ್ಲ.

ಮಾಲಕರು ಸಿಟ್ಟು ಬರುವ ತನಕ ಮರಾಠಿಯಲ್ಲಿ ಮಾತಾಡುವವರು. ಅವತ್ತು ಕನ್ನಡಕ್ಕೆ ಬಂದರು.

“ಇನ್ನೊಂದ್ಸಲ ಮಾಡ್ರಿ. ಅದೂ ಹಿಂಗೇ ಬಂತಂದ್ರ ನಿಮ್ಮ ಕೆಲಸ ನನಗ ಬ್ಯಾಡ. ನಾ ಸೋಲಾಪುರದಾಗ ಮಾಡಿಸ್ಕೋತೀನಿ.”

ಆಗ ಈ ಭಾಗದಲ್ಲಿ ನನಗೆ ಪ್ಯಾಟರ್ನ್ ಕೆಲಸ ಕೊಡುತ್ತಿದ್ದವರು ಅವರೊಬ್ಬರೇ. ಅವರು ಕೈಬಿಟ್ಟರೆ ಉಳಿ ಕಟ್ಟಿಟ್ಟು ಅಣ್ಣನ ಗಾದಿಗೆ ಹೋಗಬೇಕು. ಅಣ್ಣ ಕೆಟ್ಟವನಲ್ಲ. ನಿನಗೆಂದು ಲೋಡು ದಿಂಬು ಸಹ ಹೊಲಿಸಿ ಇಟ್ಟಿದ್ದೇನೆ ಎಂದು ಹೇಳಿ ಕಳಿಸಿದ. ಆ ದಿಂಬನ್ನು ನೆನೆಸಿಕೊಂಡರೆ ಸಾಕು, ನಾನು ಕೂತಲ್ಲಿಂದ ಎದ್ದುಬಿಡುತ್ತಿದ್ದೆ. ಅಂಗಳದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಅಡ್ಡಾಡಿದೆ. ಸೋಲಾಪುರದಲ್ಲಿ ತಪ್ಪದ ಕೈ ಇಲ್ಲೇಕೆ ತಪ್ಪಿತು? ತಲೆ ಚಿಟ್ಟು ಹಿಡಿಯುವಷ್ಟು ಯೋಚಿಸಿದೆ.

ತಪ್ಪು ಕೈಯದಾಗಿರಲಿಲ್ಲ, ಶೆಡ್ಡಿನದಾಗಿತ್ತು. ಮಧ್ಯಾಹ್ನ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು, ಬೆಳಗಿನ ಜಾವ ಅದರಿಂದಲೇ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಕಟ್ಟಿಗೆ ಹಗಲೆಲ್ಲ ಒಣಗಿ ಇರುಳೆಲ್ಲ ಉಬ್ಬಿ, ನಾನು ಕೂಡಿಸಿದ ತುಂಡುಗಳು ಒಂದನ್ನೊಂದು ದೂಡಿ ಗಾಲಿಯನ್ನು ಸೊಟ್ಟ ಮಾಡಿದ್ದವು. ಭೂಕಂಪಕ್ಕೆ ಹೆದರಿ ಮಾಳಿಗೆ ಬಿಟ್ಟು ಬಂದ ನಮಗಲ್ಲದೆ ಇಂಥ ತಪ್ಪು ಇನ್ನಾರಿಗೆ ಆದೀತು! ಹಲ್ಲುಚಕ್ರಕ್ಕೆ ಬೇಸಿಗೆ ಚಳಿಗಾಲ ಎನ್ನದೆ ಒಂದೇ ತೆರನಾಗಿರುವ ತಂಪು ಕೋಣೆ ಬೇಕು. ಊರಲ್ಲಿದ್ದ ಸಿಮೆಂಟಿನ ಕೋಣೆಗಳನ್ನೆಲ್ಲ ಮನೆ ಕಳೆದುಕೊಂಡವರು ಬಾಡಿಗೆಗೆ ಹಿಡಿದಿದ್ದರು. ಅಣ್ಣನ ಗೋದಾಮು ಚೀಲಗಳಿಂದ ತುಂಬಿತ್ತು. ಉಳಿದದ್ದು ಒಂದೇ, ನಮ್ಮದೇ ಮಾಳಿಗೆ ಮನೆಯ ಒಳಕೋಣೆ.

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಆ ಮಾಳಿಗಿ ಕೆಳಗ ನೀವು ಕೂಡೂದು ನಾ ನೋಡಂಗಿಲ್ರೀ.”

“ನೋಡಬ್ಯಾಡ. ಆ ಕಡಿ ಮಾರಿ ಮಾಡಿ ಕೂಡು,” ಎಂದೆ.

ನನ್ನ ಬಾಯಿ ಮೊದಲಿಂದಲೂ ಹಾಗೇ, ಬೆಂಕಿ. ಅವಳು ಅಣ್ಣನ ಅಂಗಡಿಗೆ ಹೋದರೇನು ಕಡಿಮೆಯಾಗುತ್ತದೆ ಎಂದಳು, ಜೀವ ದೊಡ್ಡದೋ ಗೇರ್ ದೊಡ್ಡದೋ ಎಂದಳು. ನಾನು ಗಾದಿಯ ಮೇಲೆ ಕೂತು ಸಾಯುವುದಕ್ಕಿಂತ ಇದೇ ವಾಸಿ ಎಂದುಬಿಟ್ಟೆ. ರೊಟ್ಟಿ ಹಂಚಿನ ಮೇಲೆ ಕಪ್ಪಾಯಿತು.

ಮರುದಿನ ಬಿರುಕಿನ ಕೆಳಗೆ ಒಂದು ಕಂಬ ಕೊಟ್ಟು, ಒಳಗೆ ಹೋಗಿ ಕಸ ಬಳಿದು ಕೂತೆ. ಧೈರ್ಯದ ಮಾತೆಲ್ಲ ಹೊರಗಷ್ಟೇ. ಹೈದರಾಬಾದ್ ಹೆದ್ದಾರಿ ನಮ್ಮ ಮನೆಯ ಹಿಂದೆಯೇ ಹಾದುಹೋಗುತ್ತದೆ. ಭಾರದ ಲಾರಿ ಬಂದಾಗ ಜಂತಿಗಳ ಸಂದಿಯಿಂದ ಸರಸರ ಮಣ್ಣು ಉದುರುತ್ತಿತ್ತು. ಮಣ್ಣು ಉದುರಿದೊಡನೆ ನಾನು ಕೈಯಲ್ಲಿದ್ದುದನ್ನು ಬಿಟ್ಟು ಅಂಗಳಕ್ಕೆ ಹಾರುತ್ತಿದ್ದೆ. ಲಾರಿ ಎಂದು ತಿಳಿದ ಮೇಲೆ ಮೀಸೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಗಾಲಿಯ ನಡುವಿನ ಗುಂಬ, ಅರಗಳು, ಸುತ್ತಿನ ಅಂಚು ಮಾಡುವಾಗ ಇದು ಹೇಗೋ ನಡೆಯಿತು. ತುಂಡುಗಳನ್ನು ಕ್ಲಾಂಪಿಗೆ ಬಿಗಿದಿಟ್ಟು ಓಡಬಹುದಿತ್ತು, ಹಲ್ಲಿಗೆ ಮಾತ್ರ ಕ್ಲಾಂಪು ನಿಲ್ಲದು.

ಅವಳು ಹೊಸ್ತಿಲ ಆಚೆ ಅಂಗಳದಲ್ಲೇ ಇರುತ್ತಿದ್ದಳು. ಕಾಳು ಹಸನು ಮಾಡಿದರೂ ಕಣ್ಣು ಮಾಳಿಗೆಯ ಮೇಲೇ. ನೀರು ಬೇಕೇನ್ರೀ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚಹಾ ಇಡಲೇನ್ರೀ. ಆಮೇಲೆ ಉಪ್ಪು ಎಲ್ಲಿಟ್ಟೀರಿ, ಉಪ್ಪಿಗೂ ನನಗೂ ಏನು ಸಂಬಂಧವೋ ದೇವರೇ ಬಲ್ಲ. ನಾನು ಓಗೊಡುವ ತನಕ ಬಿಡುತ್ತಿರಲಿಲ್ಲ. ಕೆಲಸ ಮಾಡಗೊಡುತ್ತೀಯೋ ಇಲ್ಲವೋ ಎಂದು ಒಳಗಿನಿಂದಲೇ ರೇಗುತ್ತಿದ್ದೆ. ರೇಗಿದರೆ ಅವಳಿಗೆ ಸಮಾಧಾನ. ಗಂಡ ಬೈಯುತ್ತಿದ್ದಾನೆ ಅಂದರೆ ಬದುಕಿದ್ದಾನೆ.

ಹಲ್ಲು ಅಂಟಿಸುವ ದಿನ ಬಂದಾಗ ನನ್ನ ಹಣೆಬರಹ ಕೈಕೊಟ್ಟಿತು. ಒಂದು ಹಲ್ಲು ಅದುಮಿ ಹಿಡಿದು ಕೂತಿದ್ದೇನೆ, ಲಾರಿ ಬಂತು, ಮಣ್ಣು ಉದುರಿತು, ಓಡಿದೆ. ಹಿಂದಿರುಗಿ ಬರುವುದರಲ್ಲಿ ಹಲ್ಲು ಗೆರೆ ಬಿಟ್ಟು ಜಾರಿ ಅಲ್ಲೇ ಹಿಡಿದಿತ್ತು. ಕಿತ್ತು, ಕೆರೆದು, ಮತ್ತೆ ಹಚ್ಚಿದೆ. ಮತ್ತೆ ಲಾರಿ. ಇನ್ನು ಓಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಆದರೆ ಕಾಲುಗಳು ನನ್ನ ಮಾತು ಕೇಳಬೇಕಲ್ಲ? ಅವು ಎದ್ದು ಹೋದ ಮೇಲೆ ನನಗೆ ಗೊತ್ತಾಗುತ್ತಿತ್ತು. ಹೀಗೆ ಹಗಲೆಲ್ಲ ಹಚ್ಚುವುದು, ಕೀಳುವುದು. ಗಾಲಿಯ ಅಂಚು ಕೆರೆತ ತಡೆಯದಷ್ಟು ಗಾಸಿಯಾಯಿತು. ಇನ್ನೊಂದೆರಡು ಸಲ ಕೆರೆದರೆ ಅಳತೆಯೇ ತಪ್ಪುತ್ತಿತ್ತು. ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ತೊಡೆಗಳನ್ನು ನಾನೇ ಗುದ್ದಿಕೊಂಡೆ. ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು. ಅಣ್ಣನ ದಿಂಬು ನನ್ನನ್ನು ಗೆದ್ದಿತ್ತು.

ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಮೊರ ಕೆಳಗಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಹೊಸ್ತಿಲು ದಾಟಿ ಒಳಗೆ ಹೋಗಿ ಗಾಲಿಯ ಮುಂದೆ ಕೂತಳು. ಭೂಕಂಪವಾದ ಮೇಲೆ ಅವಳು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಾನು ಗಾಬರಿಯಿಂದ ಹಿಂದೆಯೇ ಹೋಗಿ, ನಿನಗೇನು ಹುಚ್ಚು ಹಿಡಿದಿದೆಯೇ, ಮೊದಲು ಹೊರಗೆ ನಡಿ ಎಂದೆ. ಅವಳು ಏಳಲಿಲ್ಲ. ಹಲ್ಲು ಯಾವ ಗೆರೆಗೆ ಹಿಡಿಯಬೇಕು ತೋರಿಸಿ ಎಂದಳು. ಮಾಳಿಗೆಗೆ ಅಷ್ಟು ಅಂಜುವವಳು ಇಲ್ಲೇಕೆ ಬಂದು ಕೂತೆ ಎಂದು ಗದರಿದೆ.

“ನಾ ಮಾಳಿಗಿಗೆ ಅಂಜಿಲ್ರೀ,” ಎಂದಳು. “ಅವತ್ತ ನಸಕಿನ್ಯಾಗ ನಾ ಹೊರಕಡಿಗಂತ ಎದ್ದು ಹೋಗಿದ್ದೆ. ಅವ್ವ ಒಳಗಿದ್ಳು. ನಾ ಅಂಗಳದಾಗ ನಿಂತೇ ಇದ್ದೆ, ಮನಿ ಕೂತುಬಿಡ್ತು. ಇನ್ನೊಮ್ಮೆ ಹಂಗ ಹೊರಗ ನಿಂತು ನೋಡೂದು ನನ್ನ ಕೈಲೆ ಆಗಂಗಿಲ್ಲ.”

ಇಷ್ಟು ದಿನ ಅವಳನ್ನು ನಾನು ಬಿಟ್ಟು ಕೂತಿದ್ದು ಅದೇ ಜಾಗದಲ್ಲಿ, ಅಂಗಳದಲ್ಲಿ. ಸರೇಸು ಕಾಸಿ ತಂದೆ, ಹಲ್ಲಿಗೆ ಹಚ್ಚಿ ಗೆರೆಗೆ ಕೂರಿಸಿದೆ. ಅವಳು ಎರಡೂ ಹೆಬ್ಬೆರಳಿನಿಂದ ಅದುಮಿ ಹಿಡಿದಳು. ಲಾರಿ ಬಂತು. ಅವಳ ಬೈತಲೆಯ ಮೇಲೆ ಮಣ್ಣು ಉದುರಿತು. ಅವಳ ತುಟಿ ಏನೋ ಜಪಿಸುತ್ತಿತ್ತು, ಗಾಲಿಯ ಹಲ್ಲು ಮಾತ್ರ ಅಲುಗಲಿಲ್ಲ. ಅವಳನ್ನು ಬಿಟ್ಟು ನಾನು ಎಲ್ಲಿಗೆ ಓಡಲಿ? ನನ್ನ ಕಾಲುಗಳು ಅವತ್ತು ಮೊದಲ ಬಾರಿಗೆ ಇದ್ದಲ್ಲೇ ಇದ್ದವು.

ಸುತ್ತಿನ ಹಲ್ಲುಗಳೆಲ್ಲ ಹಾಗೆಯೇ ಕೂತವು. ಮರಳುಕಾಗದದಿಂದ ಉಜ್ಜಿ, ಅರಗಿನ ಪಾಲಿಶ್ ಎಳೆದು, ಗೋಣಿಯಲ್ಲಿ ಸುತ್ತಿ ಉದಗೀರಕ್ಕೆ ಒಯ್ದೆ. ಎರಕವಾಗಿ, ಮಿಲ್ಲಿಗೆ ಏರುವ ತನಕ ಅಲ್ಲೇ ಉಳಿದು ಅವರಿವರ ಕಾಲಿಗೆ ತೊಡರಿಕೊಂಡು ತಿರುಗಿದೆ. ಗೇರ್ ಸದ್ದಿಲ್ಲದೆ ತಿರುಗಿತು. ಮಾಲಕರು ಮರಾಠಿಯಲ್ಲೇ ಮಾತಾಡಿ ಮುಂದಿನ ಕೆಲಸ ಒಪ್ಪಿಸಿದರು. ನಿಲಂಗಾದಲ್ಲಿ ಬಸ್ಸು ತಡವಾಯಿತೆಂದು ಕಂಡಕ್ಟರನ ಜತೆ ಜಗಳ ಕಾಯ್ದೆ. ಅಷ್ಟು ಅವಸರ, ಅವಳಿಗೆ ಹೇಳಬೇಕಿತ್ತು.

ಮನೆ ಮುಟ್ಟಿದಾಗ ಶೆಡ್ಡಿನಲ್ಲಿ ಅವಳಿರಲಿಲ್ಲ. ಮಾಳಿಗೆ ಮನೆಯ ಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಅವಳೊಬ್ಬಳೇ, ಬಾಗಿಲಿಗೆ ಬೆನ್ನು ಮಾಡಿ, ನನ್ನ ಮುಂದಿನ ಕೆಲಸಕ್ಕೆಂದು ನೆಲ ಸಾರಿಸುತ್ತಿದ್ದಳು. ಕೆಲಸ ಉಳಿಯಿತು ಎಂದು ಹೇಳಲು ಬಾಯಿ ತೆರೆದೆ. ಆಗಲೇ ಹೆದ್ದಾರಿಯ ಕಡೆಯಿಂದ ಲಾರಿ ಬಂತು, ಜಂತಿಗಳಿಂದ ಮಣ್ಣು ಉದುರತೊಡಗಿತು. ನಾನು ಅಂಗಳದಲ್ಲಿದ್ದೆ, ಅವಳು ಒಳಗಿದ್ದಳು. ಹೊಟ್ಟೆಯೊಳಗಿಂದ ಎಂಥದೋ ಕೂಗು ಬಂತು. ಚಪ್ಪಲಿ ಬಿಡುವುದನ್ನೂ ಮರೆತು ಸಾರಿಸಿದ ಹಸಿ ನೆಲವನ್ನು ತುಳಿಯುತ್ತಾ ಒಳಗೆ ಓಡಿದೆ.