ಇಪ್ಪತ್ತು ಎಂದು ಬರೆದ ಉಸಿರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಮಂಗಳವಾರವೋ ಬುಧವಾರವೋ, ರೋಗಿ ಮಲಗಿದ್ದದ್ದು ಐದನೇ ಹಾಸಿಗೆಯಲ್ಲೋ ಆರನೆಯದರಲ್ಲೋ, ಆಣೆ ಇಟ್ಟು ಹೇಳಲಾರೆ. ಕಾಲೇಜು ದಿನಗಳಿಂದಲೂ ದಿನಚರಿ ಬರೆಯುತ್ತೇನೆ. ಆ ದಿನದ ಪುಟವೂ ನನ್ನ ಬಳಿ ಇದೆ. ಆದರೆ ಅದನ್ನು ನಂಬಲು ಧೈರ್ಯವಿಲ್ಲ. ಆ ಪುಟ ಬರೆಯುವಾಗ ನಾನು ಹೆದರಿದ್ದೆ.

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಕೊಡಗಿನ ಒಂದು ನರ್ಸಿಂಗ್ ಶಾಲೆಯಲ್ಲಿ ನಾನು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿದ್ದೆ. ತರಗತಿಯಲ್ಲಿ ಓದಿದ್ದನ್ನು ವಾರ್ಡಿಗೆ ಕರೆದುಕೊಂಡು ಹೋಗಿ, ರೋಗಿಯ ಪಕ್ಕದಲ್ಲಿ ನಿಲ್ಲಿಸಿ, ಕೈಯಾರೆ ಮಾಡಿಸುವುದು ನನ್ನ ಕೆಲಸ. ಆ ಜನವರಿಯಲ್ಲಿ ಮಹಿಳೆಯರ ವಾರ್ಡಿಗೆ ಆರು ಜನ ವಿದ್ಯಾರ್ಥಿನಿಯರನ್ನು ಕೊಟ್ಟಿದ್ದರು. ಅವರಲ್ಲಿ ಒಬ್ಬಳು ಧನ್ಯ, ಬಿಟ್ಟಂಗಾಲದಲ್ಲಿರುವ ನನ್ನ ಅಣ್ಣನ ಮಗಳು. ಮನೆಯಲ್ಲಿ ‘ಅತ್ತೆ’ ಎನ್ನುವವಳು ವಾರ್ಡಿನಲ್ಲಿ ತಪ್ಪದೆ ‘ಮೇಡಂ’ ಎನ್ನುತ್ತಿದ್ದಳು. ಆದರೂ ಗೆಳತಿಯರು ಬಿಡುತ್ತಿರಲಿಲ್ಲ. “ನಿನಗೆಂಥ ಭಯ ಮಾರಾಯ್ತಿ, ಮಾರ್ಕ್ಸ್ ಮನೆಗೇ ಬರ್ತದೆ” ಎಂದು ಒಬ್ಬಳು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಅಂದಿನಿಂದ ಅವಳ ಮೇಲೆ ಬೇಕೆಂದೇ ಹೆಚ್ಚು ಬಿಗಿಯಾಗಿದ್ದೆ.

ನಾನು ಕಲಿಸುತ್ತಿದ್ದ ಮೊದಲ ಪಾಠ ಉಸಿರು ಎಣಿಸುವುದು. ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರಂತೆ ಕೈ ಹಿಡಿದು, ಕಣ್ಣು ಮಾತ್ರ ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಯಂತ್ರ ಬೇಡ, ಔಷಧಿ ಬೇಡ, ತಾಳ್ಮೆ ಬೇಕು. ವಾರ್ಡಿನಲ್ಲಿ ಇಲ್ಲದಿದ್ದದ್ದು ಅದೊಂದೇ. ಹಳೆಯ ಚಾರ್ಟುಗಳನ್ನು ತಿರುವಿ ನೋಡಿ: ಜ್ವರ ಏರಿಳಿಯುತ್ತದೆ, ಬಿ.ಪಿ. ಏರಿಳಿಯುತ್ತದೆ, ಉಸಿರು ಮಾತ್ರ ಎಲ್ಲರಿಗೂ ಎಲ್ಲ ಹೊತ್ತಿಗೂ ಇಪ್ಪತ್ತು. ಯಾರೂ ಎಣಿಸುವುದಿಲ್ಲ, ಬರೆಯುತ್ತಾರೆ. ನಾನೂ ಹೊಸದಾಗಿ ಕೆಲಸಕ್ಕೆ ಸೇರಿದಾಗ ಬರೆದಿದ್ದೇನೆ.

ವಾರ್ಡಿನ ಹಿರಿಯ ನರ್ಸ್ ಲಿಲ್ಲಿ ಸಿಸ್ಟರ್ ನನ್ನ ಪಾಠ ನೋಡಿ ನಗುತ್ತಿದ್ದರು. “ಮೇಡಂ, ನಿಮ್ಮ ಮಕ್ಕಳು ಉಸಿರು ಎಣಿಸಿ ಮುಗಿಸುವಾಗ ಪೇಷೆಂಟ್ ಡಿಸ್ಚಾರ್ಜ್ ಆಗಿ ಮನೆ ಸೇರಿರ್ತಾರೆ.”

ನೆಲ್ಯಹುದಿಕೇರಿ ಕಡೆಯ ಎಸ್ಟೇಟೊಂದರ ಕೂಲಿಕಾರರ ಲೈನ್ ಮನೆಯಿಂದ ಚಿನ್ನಮ್ಮ ಎಂಬವರು ಬಂದು ಸೇರಿದರು. ಐವತ್ತೈದರ ಆಸುಪಾಸು. ನಾಲ್ಕು ದಿನದಿಂದ ಜ್ವರ, ಕೆಮ್ಮು. ಕಾಫಿ ಪಿಕ್ಕಿಂಗಿನ ನಡುವೆ ರಜೆ ಹಾಕಿದರೆ ಹೇಗೆ ಎಂದು ಕೆಮ್ಮುತ್ತಲೇ ಕೆಲಸಕ್ಕೆ ಹೋಗಿದ್ದರು. ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೇ ಜೀಪಿನಲ್ಲಿ ಕರೆತಂದರು. ಜೊತೆಗೆ ಮಗಳು ಸರಸು. ಆ ಹಾಸಿಗೆ ಧನ್ಯಳ ಪಾಲಿಗೆ ಬಂತು.

ಮೊದಲ ದಿನ ಧನ್ಯ ಪಾಠದಂತೆಯೇ ಕೈ ಹಿಡಿದು ನಿಂತಳು. ಚಿನ್ನಮ್ಮ ಅವಳ ಮುಖ ನೋಡಿ, “ಎಷ್ಟೊತ್ತು ಹಿಡ್ಕೊಳ್ತೀ ಮಗಳೇ? ಕಟ್ಟಿಕೊಂಡವನೂ ಇಷ್ಟೊತ್ತು ಹಿಡಿದವನಲ್ಲ” ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಧನ್ಯ ಕೆಂಪಾದಳು, ಆದರೆ ಕೈ ಬಿಡಲಿಲ್ಲ. ಇಪ್ಪತ್ತೆರಡು ಎಂದು ಬರೆದಳು. ಆ ಚಾರ್ಟಿನ ಉಸಿರಿನ ಸಾಲಿನಲ್ಲಿ ಇಪ್ಪತ್ತಲ್ಲದ ಸಂಖ್ಯೆ ಅದೊಂದೇ ಇತ್ತು. ನನಗೆ ಹೆಮ್ಮೆಯಾಯಿತು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ ರೌಂಡ್ಸ್ ಎಂದಿಗಿಂತ ಬೇಗ ಎಂದು ಸುದ್ದಿ ಬಂತು. ಹನ್ನೆರಡು ರೋಗಿಗಳ ಚಾರ್ಟು ತುಂಬಿ ಮೇಜಿನ ಮೇಲೆ ಇರಬೇಕು. ಲಿಲ್ಲಿ ಸಿಸ್ಟರ್ ಎರಡು ಸಲ ನನ್ನತ್ತ ನೋಡಿದರು. ಧನ್ಯ ಪಕ್ಕದ ಹಾಸಿಗೆಯ ಅಜ್ಜಿಯ ಉಸಿರು ಎಣಿಸುತ್ತಿದ್ದಳು, ಚಿನ್ನಮ್ಮನದು ಬಾಕಿ ಇತ್ತು. ಕಂಬಳಿಯನ್ನು ಕುತ್ತಿಗೆವರೆಗೆ ಎಳೆದುಕೊಂಡು ಚಿನ್ನಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ತಮಾಷೆಯಿಲ್ಲ, ಮಾತಿಲ್ಲ. ಜ್ವರ ಇಳಿದು ನೆಮ್ಮದಿಯಾಗಿದ್ದಾರೆ ಎಂದುಕೊಂಡೆ. ಹಿಂದಿನ ದಿನ ಅಷ್ಟು ಮಾತಾಡಿದ ಹೆಂಗಸು ಏಕೆ ಸುಮ್ಮನಾದರು ಎಂದು ಕೇಳಿಕೊಳ್ಳಬೇಕಿತ್ತು. ನಾನು ಕಲಿಸುತ್ತಿದ್ದ ನೋಟವೇ ಅದು.

ಮುಂದಿನ ಅರ್ಧ ನಿಮಿಷ ನನ್ನ ನೆನಪಿನಲ್ಲಿ ಎರಡು ಬಗೆಯಾಗಿದೆ. ಒಂದರಲ್ಲಿ ನಾನು ಧನ್ಯಳ ಬೆನ್ನ ಹಿಂದೆ ನಿಂತು ಹೇಳುತ್ತೇನೆ: “ಈಗ ಇಪ್ಪತ್ತು ಹಾಕು. ರೌಂಡ್ಸ್ ಮುಗಿದ ಮೇಲೆ ಸರಿಯಾಗಿ ನೋಡುವ.” ಇನ್ನೊಂದರಲ್ಲಿ ನಾನು ಮಾತೇ ಆಡುವುದಿಲ್ಲ, ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸುತ್ತೇನೆ, ಅಷ್ಟೇ. ಮೊದಲನೆಯದು ನಡೆದದ್ದೋ, ಆಮೇಲಿನ ಕೊರಗು ಕಟ್ಟಿದ್ದೋ? ಎರಡನೆಯದು ನಡೆದದ್ದೋ, ನನ್ನನ್ನು ಉಳಿಸಿಕೊಳ್ಳಲು ನಾನೇ ಹೊಲಿದುಕೊಂಡದ್ದೋ? ದಿನಚರಿಯಲ್ಲಿ ಇರುವುದು ಮೂರನೆಯದು: “ಧನ್ಯ ಉಸಿರು ಎಣಿಸದೆ ಬರೆದಿದ್ದಾಳೆ.” ಆ ವಾಕ್ಯದಲ್ಲಿ ನಾನೇ ಇಲ್ಲ.

ಡಾಕ್ಟರು ಚಾರ್ಟು ನೋಡಿದರು. ಜ್ವರ ಇಳಿದಿದೆ, ಉಸಿರು ಇಪ್ಪತ್ತು. ಅದೇ ಮಾತ್ರೆ ಮುಂದುವರಿಸಿ ಎಂದು ಮುಂದೆ ಹೋದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಬೆರಳಿಗೆ ಸಿಕ್ಕಿಸಿ ನೋಡುವ ಆಕ್ಸಿಮೀಟರ್, ಕೋವಿಡ್ ಕಾಲದವೆಲ್ಲ ಕೆಟ್ಟು, ವಾರ್ಡಿಗೆ ಉಳಿದಿದ್ದದ್ದು ಒಂದೇ. ಉಸಿರು ಹೆಚ್ಚಿದೆ ಎಂದು ಚಾರ್ಟಿನಲ್ಲಿ ಕಂಡವರಿಗೆ ಮಾತ್ರ ಅದನ್ನು ಹಚ್ಚುತ್ತಿದ್ದರು. ರೌಂಡ್ಸ್ ಮುಗಿಯಿತು. ಆಮೇಲೆ ಒಂದು ಡ್ರೆಸ್ಸಿಂಗ್, ಒಬ್ಬರ ಡಿಸ್ಚಾರ್ಜ್, ಒಂದು ಹೊಸ ಕೇಸು. ಸರಿಯಾಗಿ ನೋಡುವ ಹೊತ್ತು ಬರಲೇ ಇಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಸರಸು ನನ್ನ ಬಳಿ ಬಂದಳು. “ಮೇಡಂ, ಅಮ್ಮ ಗಂಜಿ ಬೇಡ ಅಂತಾರೆ. ಕೂಗಿದ್ರೆ ಬರೀ ತಲೆ ಆಡಿಸ್ತಾರೆ.” ನಾನು ಹೋಗಿ ಕಂಬಳಿ ಸರಿಸಿದೆ. ಎಣಿಸುವ ಮೊದಲೇ ಗೊತ್ತಾಯಿತು. ಕುತ್ತಿಗೆಯ ಬುಡ ಪ್ರತಿ ಉಸಿರಿಗೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ತುಟಿಯಲ್ಲಿ ನೀಲಿ. ಆದರೂ ಎಣಿಸಿದೆ. ಮೂವತ್ತೆಂಟು. ಮೂವತ್ತೆಂಟೇ ಎಂಬುದು ಮಾತ್ರ ನನಗೆ ಖಂಡಿತ. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಹರಡಿತ್ತು. ಆಕ್ಸಿಜನ್ ಹಚ್ಚಿ, ಸಂಜೆಯೊಳಗೆ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಸ್ಟ್ರೆಚರ್ ಒಳಗೆ ಹೋಗುವಾಗ ಸರಸು ನನ್ನ ಕೈ ಹಿಡಿದು, “ಬೆಳಿಗ್ಗೆ ನೋಡಿದ್ರಲ್ಲ ಮೇಡಂ, ಸರಿ ಇತ್ತಲ್ಲ?” ಎಂದಳು. ನಾನು ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ಅವಳಿಗೆ ತಿಳಿದಿರಲಾರದು.

ಚಿನ್ನಮ್ಮ ಬದುಕಿದರು. ಹದಿನೈದು ದಿನ ಐ.ಸಿ.ಯು.ನಲ್ಲಿದ್ದು ಲೈನಿಗೆ ಮರಳಿದರು. ಆದರೆ ಏಣಿ ಹತ್ತಿ ಕರಿಮೆಣಸು ಕೊಯ್ಯುವ ಶಕ್ತಿ, ಚೀಲ ಹೊರುವ ಉಸಿರು ಮರಳಲಿಲ್ಲ. ಆ ವರ್ಷದಿಂದ ಎಸ್ಟೇಟ್ ಕೆಲಸ ಬಿಟ್ಟರು ಎಂದು ಕೇಳಿದೆ.

ಅವರನ್ನು ಮೈಸೂರಿಗೆ ಕಳಿಸಿದ ಎರಡು ದಿನದ ನಂತರ ಪ್ರಿನ್ಸಿಪಾಲರ ಕೋಣೆಯಲ್ಲಿ ಚಾರ್ಟು ತೆರೆದಿಟ್ಟಿದ್ದರು. ಧನ್ಯ ನಿಂತಿದ್ದಳು. ನಾನು ಇನ್‌ಸ್ಟ್ರಕ್ಟರ್ ಆದ್ದರಿಂದ ಕುಳಿತಿದ್ದೆ.

“ಇದು ನಿನ್ನ ಸಹಿಯಾ?” ಪ್ರಿನ್ಸಿಪಾಲರು ಕೇಳಿದರು.

“ಹೌದು ಮೇಡಂ.”

“ಎಣಿಸಿದ್ಯಾ?”

“ಇಲ್ಲ ಮೇಡಂ.”

“ಯಾರಾದ್ರೂ ಹಾಗೆ ಬರೆಯಲಿಕ್ಕೆ ಹೇಳಿದ್ರಾ?”

ಧನ್ಯ ಚಾರ್ಟನ್ನೇ ನೋಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ, ಅದು ನೆನಪಿದೆ. ನೋಡಿದ್ದರೆ ಸುಲಭವಾಗುತ್ತಿತ್ತು. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದರು, ಆ ಸದ್ದು ಮುಗಿದ ಮೇಲೆ ಹೇಳಿದಳು: “ಇಲ್ಲ ಮೇಡಂ. ನಾನೇ.”

ನಾನು ಸುಮ್ಮನಿದ್ದೆ. ಬಾಯಿ ತೆರೆದರೆ ಅಣ್ಣನ ಮಗಳನ್ನು ಉಳಿಸಲು ಹೊರಟಿದ್ದೇನೆ ಎನ್ನುತ್ತಾರೆ, ಬಿಗಿಯಾಗಿರುವುದೇ ನ್ಯಾಯ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಎಷ್ಟು ಚೆಂದದ ಕಾರಣ! ಆರು ತಿಂಗಳು ಅವಳು ಹಿಂದೆ ಬಿದ್ದಳು. ಶಿಕ್ಷೆಯಾಗಿ ಆ ವಾರ್ಡಿನ ಪೋಸ್ಟಿಂಗನ್ನು ಕಿರಿಯರ ಜೊತೆ ಮತ್ತೆ ಮಾಡಿದಳು, ಗೆಳತಿಯರು ಪಾಸಾಗಿ ಕೆಲಸಕ್ಕೆ ಸೇರುವಾಗ ವಿದ್ಯಾರ್ಥಿನಿಯ ಯೂನಿಫಾರಂನಲ್ಲೇ ಉಳಿದಳು. ಅಣ್ಣ ಫೋನ್ ಮಾಡಿ, “ನೀನು ಇದ್ದದ್ದಕ್ಕೆ ಕೋರ್ಸಾದ್ರೂ ಉಳೀತು. ಆ ಹುಡುಗಿಗೆ ಬುದ್ಧಿ ಹೇಳು” ಎಂದ. ಸರಿ ಎಂದೆ. ಅವಳಿಗೆ ಹೇಳಲು ನನ್ನಲ್ಲಿ ಬುದ್ಧಿ ಯಾವುದಿತ್ತು?

ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಮಾಡಿದ್ದೇನೆ. ಎಣಿಸದಿದ್ದರೆ ಚೌಕ ಖಾಲಿ ಬಿಡಿ. ಬೈಗುಳ ಬಂದರೆ ನನ್ನ ಹೆಸರು ಹೇಳಿ. ಲಿಲ್ಲಿ ಸಿಸ್ಟರ್ ಮೊದಲು ಗೊಣಗಿದರು. ಒಂದು ಬೆಳಿಗ್ಗೆ ಖಾಲಿ ಚೌಕ ನೋಡಿ ತಾವೇ ಎದ್ದು ಹೋಗಿ ಎಣಿಸಿದರು. ಖಾಲಿ ಚೌಕ ಯಾರನ್ನಾದರೂ ಹಾಸಿಗೆಯ ಬಳಿಗೆ ಕಳಿಸುತ್ತದೆ, ಸುಳ್ಳು ಇಪ್ಪತ್ತು ಎಲ್ಲರನ್ನೂ ದೂರ ಕಳಿಸುತ್ತದೆ. ಕೆಲಸ ನನಗೆ ಕಲಿಸಿದ್ದು ಇದು. ಬಾಯಿಯ ವಿಷಯದಲ್ಲೂ ಇಷ್ಟೇ ಪ್ರಾಮಾಣಿಕಳಾಗಿದ್ದೆನೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಅಂದು ವಾರ್ಡಿನಲ್ಲಿ ಏನು ಹೇಳಿದೆ ಎಂಬುದರಲ್ಲಿ ನನಗೆ ಅನುಮಾನವಿದೆ. ಆ ಕೋಣೆಯಲ್ಲಿ ಏನನ್ನೂ ಹೇಳಲಿಲ್ಲ ಎಂಬುದರಲ್ಲಿ ಇಲ್ಲ.

ಧನ್ಯ ಈಗ ಪೊನ್ನಂಪೇಟೆಯಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ಅಣ್ಣನ ಮನೆಗೆ ಹೋಗಿದ್ದೆ. ಅವಳೂ ರಜೆಯಲ್ಲಿ ಬಂದಿದ್ದಳು. ಕಣದಲ್ಲಿ ಕಾಫಿ ಒಣಗುತ್ತಿತ್ತು, ಮೋಡ ಕಟ್ಟಿತೆಂದು ಇಬ್ಬರೂ ರಾಶಿ ಮಾಡಲು ಇಳಿದೆವು. ಅವಳು ಎಳೆದು ತಂದದ್ದನ್ನು ನಾನು ಗುಡಿಸುತ್ತಿದ್ದೆ. “ಅತ್ತೆ, ಸೊಂಟ ನೋವು ಅಂತ ಆಮೇಲೆ ನಂಗೆ ಹೇಳ್ಬೇಡಿ, ರಜೆಯಲ್ಲಿ ನಾನು ಪೇಷೆಂಟ್ ನೋಡುದಿಲ್ಲ” ಎಂದು ನಗಿಸಿದಳು. ಅಂದಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗಲೇ ಕೇಳಿದೆ. ಅವಳು ಒಂದು ಕ್ಷಣ ನಿಂತಳು, ಮತ್ತೆ ಕಾಫಿ ಎಳೆಯತೊಡಗಿದಳು. ರಾಶಿಗೆ ಟಾರ್ಪಾಲು ಮುಚ್ಚಿ ಒಳಗೆ ಬಂದೆವು. ಆಮೇಲೆ ಮೂರು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಬೇರೆಲ್ಲ ವಿಷಯ.

ನಾನು ಕೇಳಿದ್ದು ಇಷ್ಟು: “ಧನ್ಯ, ಅವತ್ತು ಪ್ರಿನ್ಸಿಪಾಲರ ರೂಮಲ್ಲಿ, ನೀನು ‘ನಾನೇ’ ಅನ್ನುವ ಮುಂಚೆ, ನಾನು ಏನಾದ್ರೂ ಹೇಳ್ತೇನೆ ಅಂತ ಕಾದಿದ್ಯಾ?”