ಸ್ಟೋರ್ ರೂಮಿಗೊಂದು ಕಿಟಕಿ

ಹಸಿ ಗೋಡೆಗೆ ನೀರು ಹೊಡೆದಾಗ ಏಳುವ ಸಿಮೆಂಟಿನ ವಾಸನೆ ಬಂದರೆ ಸಾಕು, ಮಧುವನಹಳ್ಳಿಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾಗುತ್ತಾಳೆ. ನಿನ್ನೆ ಕೊಳ್ಳೇಗಾಲದಲ್ಲಿ ಒಂದು ಸೈಟ್ ನೋಡಲು ಹೋದಾಗಲೂ ಹಾಗೇ ಆಯಿತು. ಅಕ್ಕ ಇಟ್ಟಿಗೆ ಹೊತ್ತವಳಲ್ಲ. ಅವಳು ಮನೆ ಕಟ್ಟಿದ್ದು ನನ್ನ ಕಂಪ್ಯೂಟರಿನೊಳಗೆ.

ನನ್ನದು ಮನೆಗಳ ಪ್ಲಾನ್ ಬರೆಯುವ ಕೆಲಸ. ಗೆರೆ ಎಳೆದ ಹಾಳೆ ತೋರಿಸಿದರೆ ನಮ್ಮ ಕಡೆಯವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಗೋಡೆ ಎದ್ದ ಮೇಲೆ ಜಗಳ ತೆಗೆಯುತ್ತಾರೆ. ಅದಕ್ಕೇ ಆನ್‌ಲೈನ್ ಲೋಕವೊಂದರಲ್ಲಿ ಮನೆ ನಿಲ್ಲಿಸಿ, ಮನೆಮಂದಿಯನ್ನೆಲ್ಲ ಅದರೊಳಕ್ಕೆ ಕರೆಯುವುದನ್ನು ರೂಢಿ ಮಾಡಿಕೊಂಡೆ. ಪರದೆಯ ಮೇಲೆ ಒಬ್ಬೊಬ್ಬರ ಬದಲಿಗೂ ಒಂದೊಂದು ಗೊಂಬೆ. ಗೊಂಬೆ ಓಡಾಡುತ್ತದೆ, ಗೋಡೆ ಸರಿಸುತ್ತದೆ. ಜಗಳವೂ ಅಲ್ಲೇ ಮುಗಿಯುತ್ತದೆ.

ಅಕ್ಕನ ತಮ್ಮ ಕೊಳ್ಳೇಗಾಲದಲ್ಲಿ ಹೊಸ ಮನೆ ಕಟ್ಟಲು ಹೊರಟಾಗ ಅವನು ತಾನು ಕೆಲಸ ಮಾಡುತ್ತಿದ್ದ ಹನೂರಿನಿಂದ, ಅವನ ಮಗಳು ಯಳಂದೂರಿನ ಗಂಡನ ಮನೆಯಿಂದ ಗೊಂಬೆಗಳಾಗಿ ಬಂದರು. ಅಕ್ಕ ನಮ್ಮ ಮನೆಗೇ ಬಂದು ನನ್ನ ಪಕ್ಕ ಕೂತಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿ, ಅವನ ಮಗಳನ್ನು ಸಾಕಿದವಳು. ಮಲಗುತ್ತಿದ್ದುದು ಮಾತ್ರ ನಡುಮನೆಯಲ್ಲಿ, ಎಲ್ಲರೂ ಟಿವಿ ನೋಡಿ ಎದ್ದ ಮೇಲೆ ಚಾಪೆ ಹಾಸಿಕೊಂಡು... ನೆಂಟರು ಬಂದರೆ ಅಡುಗೆಮನೆಯಲ್ಲಿ. ಹೊಸ ಪ್ಲಾನಿನಲ್ಲೂ ಅವಳಿಗೆಂದು ಕೋಣೆ ಇರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಗೊಂಬೆಗಳಲ್ಲಿ ಸೀರೆ ಉಟ್ಟದ್ದು ಒಂದೂ ಇರಲಿಲ್ಲ. “ಪ್ಯಾಂಟೇ ಇರ್ಲಿ ಬುಡು, ಮೆಟ್ಲು ಅತ್ತಕ್ಕೆ ಸಲೀಸು,” ಅಂದು ಅಕ್ಕ ನೀಲಿ ಪ್ಯಾಂಟಿನ ಗೊಂಬೆಯಾದಳು. ಅಪ್ಪ ಮಗಳು ಹಾಲ್ ಎಷ್ಟು ದೊಡ್ಡದಿರಬೇಕೆಂದು ಕಚ್ಚಾಡುತ್ತಿದ್ದರೆ, ನೀಲಿ ಪ್ಯಾಂಟು ಅದರ ಹಿಂದಿನ ಸ್ಟೋರ್ ರೂಮಿನಲ್ಲೇ ಸುತ್ತುತ್ತಿತ್ತು. ಒಂದು ಸಂಜೆ ನೋಡಿದರೆ ಸ್ಟೋರ್ ರೂಮಿನ ಗೋಡೆ ಹಿತ್ತಲ ಕಡೆಗೆ ಒಂದಿಷ್ಟು ಸರಿದಿತ್ತು. ಆಮೇಲೆ ಅದಕ್ಕೊಂದು ಕಿಟಕಿಯೂ ಬಂತು.

“ಸ್ಟೋರ್ ರೂಮ್ಗ್ಯಾಕಕ್ಕ ಕಿಟ್ಕಿ?” ಸ್ಪೀಕರಿನಿಂದ ತಮ್ಮನ ದನಿ ಕೇಳಿತು.

“ಈರುಳ್ಳಿಗೆ ಗಾಳಿ ಬ್ಯಾಡ್ವಾ? ಕೊಳ್ತೋಯ್ತದೆ ಕಣಪ್ಪ,” ಅಂದಳು ಅಕ್ಕ.

ಮಾತೇನೋ ನ್ಯಾಯವೇ. ಅವನು ತನ್ನ ಗೊಂಬೆಯನ್ನು ಬಾಗಿಲವರೆಗೂ ನಡೆಸಿಕೊಂಡು ಬಂದ. “ಚಿಲ್ಕ ಯಾಕೆ ಒಳಗಡೆ ಆಕಿದ್ದೀಯೆ? ಈರುಳ್ಳಿ ಬಾಗ್ಲು ಆಕಂಡು ಮಲಿಕತ್ತದಾ?”

ಮಗಳು ನಕ್ಕಳು. ಅಕ್ಕ ನಗಲಿಲ್ಲ. ಮೌಸಿನ ಮೇಲಿದ್ದ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ನನಗೆ ಅಲ್ಲಿ ಕೂರುವುದೇ ಸಂಕಟವಾಯಿತು.

ತಮ್ಮನ ಗೊಂಬೆ ಬಾಗಿಲಿನಿಂದ ತಿರುಗಿ ಹಾಲ್‌ಗೆ ಹೋಯಿತು. ಅಷ್ಟು ಕಿತ್ತಾಡಿ ಹಿಗ್ಗಿಸಿಕೊಂಡಿದ್ದ ಹಾಲ್‌ನ ಗೋಡೆಯನ್ನು ತನ್ನ ಕಡೆಗೇ ಎಳೆದುಕೊಂಡು, ಆ ಜಾಗವನ್ನು ಹಿಂದಿನ ಕೋಣೆಗೆ ಬಿಟ್ಟಿತು. “ಮಂಚ ಇಡ್ಸಬೇಕಲ್ಲಕ್ಕ,” ಅಂದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿ ಕಾಫಿ ಕೇಳಿದಳು.

ಮನೆ ಹಾಗೇ ಎದ್ದಿತು. ಅಕ್ಕ ಆ ಕೋಣೆಯಲ್ಲಿ ಇದ್ದದ್ದು ಒಂದು ವರ್ಷವೂ ಅಲ್ಲ. ಎದೆನೋವು ಅಂದಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು... ಅಷ್ಟು ದಿನವಾದರೂ ಸಿಕ್ಕಿತಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ.

ನಿನ್ನೆ ಸೈಟಿನಿಂದ ಬರುವಾಗ ಅವಳ ತಮ್ಮನ ಮನೆಗೆ ಹೋದೆ. ನನಗೆ ಕುರ್ಚಿ ತರಲೆಂದು ಅವನು ಅಕ್ಕನ ಕೋಣೆಯತ್ತ ನಡೆದ. ಮುಚ್ಚಿದ್ದ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಕಾಯುತ್ತಾ ನಿಂತ. ಆಮೇಲೆ ನೆನಪಾಯಿತೇನೋ, ನನ್ನ ಮುಖ ನೋಡದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದ.