ಮಾವನ ಫೋನು ಖಾಲಿ ಇರಲಿ

ನಾನು ಫೋನ್ ಮಾಡಿದ ಹೊತ್ತಿಗೇ ಆಸ್ಪತ್ರೆಯಿಂದಲೂ ಕರೆ ಬಂದರೆ? ಪಾಪುವಿಗೆ ರಾಗಿ ಸರಿ ತಿನ್ನಿಸುವಾಗಲೂ, ಬಟ್ಟೆ ಒಣಹಾಕುವಾಗಲೂ ಇದೊಂದೇ ಯೋಚನೆ. ಲೈನ್ ಬಿಜಿ ಎಂದು ಅವರು ಪಟ್ಟಿಯಲ್ಲಿ ಮುಂದಿನವರಿಗೆ ಮಾಡಿಬಿಟ್ಟರೆ? ಮಾವನಿಗೆ ಜೋಡಿಸಬೇಕಾದ ಹೃದಯ ನನ್ನಿಂದಾಗಿ ಕೈತಪ್ಪಿದರೆ?

ಗೋವಿಂದರಾಜು ಮಾವ ನನ್ನ ಅಮ್ಮನ ತಮ್ಮ. ದೊಡ್ಡಬಳ್ಳಾಪುರದ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡು ರೇಷ್ಮೆ ಸೀರೆ ನೇಯ್ದವರು. ಅಪ್ಪ ಹೋದ ಮೇಲೆ ನನ್ನನ್ನು ಬೆಂಗಳೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದು ಅವರೇ. ದಿನಾ ಸಂಜೆ ಮಗ್ಗದ ಸದ್ದಿನ ನಡುವೆಯೇ ಫೋನ್ ಮಾಡಿ ಊಟ ಆಯ್ತಾ ಎಂದು ಕೂಗುತ್ತಿದ್ದರು. ಅಕ್ಕಪಕ್ಕದ ಮಂಚದ ಹುಡುಗಿಯರೂ ನಮ್ಮದೂ ಆಯ್ತು ಮಾವ ಎನ್ನುತ್ತಿದ್ದರು.

ಹೋದ ವರ್ಷ ಮಾವನಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಶುರುವಾಯಿತು. ಹೃದಯದ ಸ್ನಾಯುವೇ ಸೋತಿದೆ, ಬೇರೆಯವರ ಹೃದಯ ಜೋಡಿಸುವುದೊಂದೇ ದಾರಿ ಎಂದರು ಡಾಕ್ಟರು. ಜೋಡಿಸಿಕೊಂಡವರಲ್ಲಿ ಹೆಚ್ಚಿನವರು ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಚೆನ್ನಾಗಿರುತ್ತಾರಂತೆ. ಆದರೆ ಕಾಯುವವರು ಬಹಳ, ತೀರಿಕೊಂಡವರ ಹೃದಯ ಕೊಡುವ ಮನೆಗಳು ಕಡಿಮೆ. ಕರೆ ಬಂದ ತಕ್ಷಣ ಹೊರಡಬೇಕು. ಹಾಗಾಗಿ ಮಾವನ ಹೆಂಡತಿ ಪ್ರಮೋದಾ ಅತ್ತೆ ನೆಂಟರಿಗೆಲ್ಲ ಹೇಳಿಬಿಟ್ಟರು, ಮಾವನ ನಂಬರಿಗೆ ಯಾರೂ ಮಾಡಬೇಡಿ ಎಂದು. ರಿಂಗ್ ಕೇಳಿಸಬೇಕಲ್ಲ, ಮಗ್ಗವನ್ನೂ ನಿಲ್ಲಿಸಿದರು.

ಒಮ್ಮೆ ಕರೆ ಬಂದಿತ್ತು. ಓಡಿದರು. ಪರೀಕ್ಷೆಯಲ್ಲಿ ಆ ಹೃದಯ ಚೆನ್ನಾಗಿಲ್ಲವೆಂದು ಗೊತ್ತಾಗಿ, ಹೋದ ದಾರಿಯಲ್ಲೇ ವಾಪಸ್ಸು ಬಂದರು.

ಕಳೆದ ಭಾನುವಾರ ನಾವಿರುವ ದೇವನಹಳ್ಳಿಯಿಂದ ನಾನೊಬ್ಬಳೇ ನೋಡಲು ಹೋದೆ. ಪಾಪುವಿಗೆ ನೆಗಡಿ, ಮಾವನಿಗೆ ಅಂಟೀತೆಂದು ಕರೆದೊಯ್ಯಲಿಲ್ಲ. ಮಾತಾಡುತ್ತಿದ್ದಂತೆ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಅಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೂ ಬೀದಿಯಲ್ಲಿ ಯಾರೂ ಮಗ್ಗ ಓಡಿಸುವುದಿಲ್ಲ. ಮೂಲೆಮನೆಯ ಗಂಗಣ್ಣಜ್ಜ ಹೋಗಿದ್ದರು. ಮಾವ ತಮ್ಮ ಫೋನನ್ನು ಮಗುಚಿ ಇಟ್ಟರು.

"ಆ ಫೋನ್ ಬರ್ಲಿ ಅಂತ ಬೇಡ್ಕೊಂಡ್ರೆ, ಎಲ್ಲೋ ಒಂದ್ ಬೀದೀಲಿ ಮಗ್ಗ ನಿಲ್ಲಲಿ ಅಂತ ಬೇಡ್ಕೊಂಡಂಗೆ ಕಣಮ್ಮ. ಅದಕ್ಕೇ ಬಾಯ್ಬಿಟ್ಟು ಬೇಡ್ಕೊಳಲ್ಲ. ಆದ್ರೂ ಬದುಕ್ಬೇಕು ಅನ್ಸುತ್ತೆ." ಉಸಿರು ಸುಧಾರಿಸಿಕೊಂಡು ಕೇಳಿದರು, "ನೀನ್ಯಾಕೆ ಫೋನೇ ಮಾಡಲ್ಲ?"

ಲೈನ್ ಬಿಜಿ ಆಗುತ್ತಲ್ಲ ಎಂದೆ.

"ಆಸ್ಪತ್ರೆಯೋರು ನಿಮ್ಮತ್ತೆ ನಂಬರೂ ಬರ್ಕೊಂಡಿದಾರೆ. ಇದು ಸಿಗ್ದಿದ್ರೆ ಅದಕ್ಕೆ ಮಾಡ್ತಾರೆ. ನಿನ್ನ ಓದ್ಸಿದ್ದು ದಂಡ."

ಮತ್ತೆ ನೆಂಟರನ್ನು ತಡೆಯಬೇಡ ಅಂತ ಅತ್ತೆಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವಳಿಗೆ ಎದುರಾಡೋವಂಥ ಹೃದಯ ಇನ್ನೂ ಸಿಕ್ಕಿಲ್ವಲ್ಲ," ಎಂದು ಅಡುಗೆಮನೆಯತ್ತ ನೋಡಿ ನಕ್ಕರು.

ಅಷ್ಟು ಕೇಳಿದ ಮೇಲೂ ನನ್ನ ಅಂಜಿಕೆ ಹೋಗಲಿಲ್ಲ. ರಿಂಗ್ ಆದಾಗ ಆಸೆಯಿಂದ ಎತ್ತಿಕೊಂಡು, ನನ್ನ ಹೆಸರು ಕಂಡು ಅವರ ಮುಖ ಬಾಡಿದರೆ ಎಂಬ ಇನ್ನೊಂದು ಚಿಂತೆ ಹತ್ತಿಕೊಂಡಿತು. ಫೋನ್ ಎತ್ತಿಕೊಳ್ಳುವುದು, ಇಡುವುದು, ಇದೇ ಆಯಿತು.

ಇವತ್ತು ಸಂಜೆ, ಹಾಸ್ಟೆಲಿಗೆ ಅವರು ಫೋನ್ ಮಾಡುತ್ತಿದ್ದ ಹೊತ್ತಿಗೆ, ಪಾಪುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಂಬರ್ ಒತ್ತಿಯೇಬಿಟ್ಟೆ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಮಗ್ಗದ ಸದ್ದಿಲ್ಲ. ಆಸ್ಪತ್ರೆಯವರಲ್ಲ ಮಾವ, ನಾನು ಎನ್ನುವಷ್ಟರಲ್ಲಿ ಪಾಪು ಫೋನಿಗೆ ಬಾಯಿ ಹಚ್ಚಿ ಏನೋ ಕೂಗಿದಳು.

ಆ ಕಡೆಯಿಂದ ಸಣ್ಣ ದನಿ ಬಂತು.

"ಊಟ ಆಯ್ತೇನಮ್ಮಾ?"